ಎರಡು ಸುತ್ತು ಮೊದಲೇ

ಗ್ಯಾರೇಜಿನ ಶಟರ್ ಎತ್ತುವುದಕ್ಕೆ ಇಬ್ಬರು ಬೇಕು. ಎಡಗಡೆ ತುಕ್ಕು ಹಿಡಿದಿದೆ. ಒಬ್ಬರೇ ಎತ್ತಿದರೆ ನಡುವೆ ಸಿಕ್ಕಿಹಾಕಿಕೊಂಡು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ. ಹಾಗಾಗಿ ಮಾತು ಬಿಟ್ಟು ಒಂಬತ್ತನೇ ದಿನವಾದರೂ ಅಣ್ಣ ಎಡಕ್ಕೆ ನಿಂತ, ತಂಗಿ ಬಲಕ್ಕೆ ನಿಂತಳು, ಇಬ್ಬರೂ ಒಂದೇ ಏಟಿಗೆ ಎತ್ತಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಣ್ಣ ಕೆಮ್ಮಿದ. ತಂಗಿಗೆ ಆ ಕೆಮ್ಮಿನ ಮೇಲೂ ಸಿಟ್ಟು ಬಂತು.

ಜನ ಸೈಟಿಗೆ ಜಗಳವಾಡುತ್ತಾರೆ, ಒಡವೆಗೆ ಜಗಳವಾಡುತ್ತಾರೆ, ಎರಡಡಿ ಗೋಡೆಗೆ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಇವರಿಬ್ಬರು ಎಣ್ಣೆ ಸೀಗೆಕಾಯಿ ಆದದ್ದು ಎಂಜಿನ್ ಆಯಿಲ್ ಗಟ್ಟಿಯಿರಬೇಕೋ ತೆಳ್ಳಗಿರಬೇಕೋ ಎಂಬ ವಿಷಯಕ್ಕೆ. ಕೇಳಿದವರು ನಕ್ಕರು. ನಗುವವರಿಗೇನು, ಬೆಳಗ್ಗೆ ಗಾಡಿ ಬಿಟ್ಟು ಸಂಜೆ ಕೀಲಿ ಇಸಕೊಂಡು ಹೋಗುವವರು.

ಅಪ್ಪ ತೀರಿಕೊಂಡ ಮೇಲೆ ಗ್ಯಾರೇಜು ಇಬ್ಬರ ಪಾಲಿಗೆ ಬಂದಿತ್ತು. ಎಂಜಿನ್ ಬಿಚ್ಚುವುದು, ಗೇರ್ ಬಾಕ್ಸ್ ಇಳಿಸುವುದು ಅಣ್ಣನ ಕೆಲಸ. ಯಾವ ಗಾಡಿಗೆ ಯಾವ ಆಯಿಲ್, ಯಾವ ಫಿಲ್ಟರ್ ಎಂದು ಆರಿಸುವುದು, ತರಿಸುವುದು ತಂಗಿಯದು. ಹೊರಗಿನವರ ಕಣ್ಣಿಗೆ ಅದು ಅಂಗಡಿಯಲ್ಲಿ ಡಬ್ಬ ಜೋಡಿಸುವ ಕೆಲಸ. ಅವಳು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡುತ್ತಿದ್ದಳು. ಗಾಡಿಯ ಜೊತೆ ಬಂದು, ಯಾರೂ ಬಿಡಿಸದೆ ಮುಂದಿನ ಖಾನೆಯಲ್ಲಿ ಕೊಳೆಯುವ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಿದ್ದಳು. ಹೊಸ ಕಂಪನಿಯ ಆಯಿಲ್ ಫಿಲ್ಟರ್ ಬಂದರೆ ಒಂದನ್ನು ಗರಗಸದಿಂದ ಕೊಯ್ದು, ಒಳಗಿನ ಕಾಗದದ ಮಡಿಕೆ ಎಣಿಸಿ, ರಬ್ಬರ್ ವಾಲ್ವನ್ನು ಬೆರಳಲ್ಲಿ ಒತ್ತಿ ನೋಡಿ, ಮನಸ್ಸಿಗೆ ಬಂದರೆ ಮಾತ್ರ ಬಾಕ್ಸ್ ತರಿಸುತ್ತಿದ್ದಳು. ಏರ್ ಫಿಲ್ಟರನ್ನು ಬಿಸಿಲಿಗೆ ಹಿಡಿದು ಒಂದು ಸೂಜಿತೂತು ಕಂಡರೂ ಅಂಗಡಿಯವನ ಮುಖದ ಮೇಲೆ ವಾಪಸ್ ಎಸೆದು ಬರುತ್ತಿದ್ದಳು. ಬಿಡಿಭಾಗದ ಅಂಗಡಿಗಳಲ್ಲಿ ಅವಳು ಬರುವುದು ಕಂಡರೆ ಕೆಲವರು ಊಟಕ್ಕೆ ಹೊರಟುಬಿಡುತ್ತಿದ್ದರು.

ಅಣ್ಣನಿಗೆ ಎಲ್ಲ ಗಾಡಿಗೂ ಒಂದೇ ಆಯಿಲ್, ಟ್ವೆಂಟಿ ಫಿಫ್ಟಿ. ಡಬ್ಬ ಬಗ್ಗಿಸಿದರೆ ಜೇನಿನ ಹಾಗೆ ಇಳಿಯಬೇಕು, ಆಗಲೇ ಅವನಿಗೆ ಸಮಾಧಾನ. ಅವನೇನು ದಡ್ಡನಲ್ಲ. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ, ಎದ್ದು ಹೋಗಿ ನೋಡದೆಯೇ, ಮೂರನೇ ಸಿಲಿಂಡರ್ ಹೋಗಿದೆ ಎನ್ನುವ ಆಸಾಮಿ. ಆದರೆ ಅವನು ಕಲಿತದ್ದು ಅಪ್ಪನ ಕಾಲದ ಎಂಜಿನ್‌ಗಳಲ್ಲಿ. ಈಗಿನ ಎಂಜಿನ್‌ಗಳ ಒಳದಾರಿಗಳು ಕೂದಲೆಳೆಯಷ್ಟು, ಗಟ್ಟಿ ಆಯಿಲ್ ಅಲ್ಲಿಗೆ ತಲುಪುವಷ್ಟರಲ್ಲಿ ಸವೆಯುವುದು ಸವೆದಿರುತ್ತದೆ, ಅದಕ್ಕೇ ಪುಸ್ತಕದಲ್ಲಿ ತೆಳ್ಳಗಿನ ಜೀರೋ ಟ್ವೆಂಟಿ ಹಾಕಿ ಅಂತ ಬರೆದಿದ್ದಾರೆ ಎಂದು ತಂಗಿ ಎರಡು ವರ್ಷದಿಂದ ಹೇಳುತ್ತಿದ್ದಳು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಣ್ಣ ಉದುರಿಸಿ ಹೂಂ ಅನ್ನುತ್ತಿತ್ತು.

ಕೊನೆಗೆ ಅವಳು ಕೇಳದೆ ಮಾಡಿದಳು. ಟ್ವೆಂಟಿ ಫಿಫ್ಟಿಯ ಆರ್ಡರ್ ಅರ್ಧಕ್ಕಿಳಿಸಿ ಜೀರೋ ಟ್ವೆಂಟಿ ತರಿಸಿದಳು. ಗಾಡಿ ಬಿಡಲು ಬಂದ ಐದಾರು ಜನ ನಿಂತಿದ್ದಾಗಲೇ ಅಣ್ಣ ಆ ಡಬ್ಬದ ಮುಚ್ಚಳ ತೆಗೆದು, ಒಂದಿಷ್ಟು ನೆಲಕ್ಕೆ ಸುರಿದು, ಅದು ಹರಿಯುವುದನ್ನು ಎಲ್ಲರಿಗೂ ತೋರಿಸಿದ. ಇದು ಆಯಿಲಾ, ನೀರಾ ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.

"ಅಡುಗೆಮನೆಗೆ ತಗೊಂಡು ಹೋಗು, ಏನಾದ್ರೂ ಕರಿಯೋಕೆ ಆಗತ್ತೆ," ಅಂದ.

ನಿಂತವರು ನಕ್ಕರು. ತಂಗಿಯ ಪಿತ್ತ ನೆತ್ತಿಗೇರಿತು. ಹದಿನಾರು ವರ್ಷದಿಂದ ಕೈಗೆ ಮಸಿ ಬಳಿದುಕೊಂಡವಳನ್ನು ಒಂದು ಮಾತಿನಲ್ಲಿ ಒಲೆಯ ಮುಂದೆ ಕೂರಿಸಿದ್ದ. ಅವಳೂ ಕಡಿಮೆಯವಳಲ್ಲ. "ಅಪ್ಪ ಸತ್ತ್ರು, ಅಪ್ಪನ ಕಾಲದ ಎಂಜಿನ್ನೂ ಸತ್ವು. ನಿನಗೊಬ್ಬನಿಗೆ ಸುದ್ದಿ ಮುಟ್ಟಿಲ್ಲ," ಅಂದಳು, ಎಲ್ಲರಿಗೂ ಕೇಳುವ ಹಾಗೆ. ಈಗ ಯಾರೂ ನಗಲಿಲ್ಲ. ಅಣ್ಣನ ಮುಖ ಸಣ್ಣಗಾಯಿತು. ಅಲ್ಲಿಗೆ ಇಬ್ಬರ ಬಾಯಿಗೂ ಬೀಗ ಬಿತ್ತು.

ಆ ಒಂಬತ್ತು ದಿನ ಅತ್ತಿಗೆಯ ಪಾಡು ಹೇಳತೀರದು. ಅವರ ಕೆಲಸ ಮುಂದಿನ ಮೇಜಿನಲ್ಲಿ ಕೂತು ಜಾಬ್ ಕಾರ್ಡ್ ಬರೆಯುವುದು. ಈಗ ಗಂಡನಿಗೂ ನಾದಿನಿಗೂ ನಡುವೆ ಅಂಚೆ ಹಾಕುವುದೂ ಸೇರಿತು. ಹದಿನೇಳು ನಂಬರ್ ಸ್ಪ್ಯಾನರ್ ಎಲ್ಲಿದೆ ಕೇಳು, ಎಲ್ಲಿಟ್ಟರೋ ಅಲ್ಲೇ ಇದೆ ಅಂತ ಹೇಳಿ, ಬ್ರೇಕ್ ಪ್ಯಾಡ್ ಬಂತಾ ಕೇಳು, ಕಣ್ಣಿದ್ದರೆ ಕಾಣತ್ತೆ ಅಂತ ಹೇಳಿ. ಮೂರಡಿ ದೂರದಲ್ಲಿ ನಿಂತ ಇಬ್ಬರು ಹೀಗೆ ಮಾತಾಡುವುದನ್ನು ಕೇಳಿ ಕೇಳಿ ಅವರಿಗೂ ರೋಸಿಹೋಯಿತು. ನಿಮ್ಮಿಬ್ಬರಲ್ಲಿ ಯಾರು ಮೊದಲು ಮಾತಾಡ್ತೀರೋ ಅವರಿಗೆ ನಾನೇ ಕೈ ಮುಗೀತೀನಿ ಅಂದರು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರು ಮೊದಲು ಎಂಬುದೇ ಅಲ್ಲಿ ವಿಷಯವಾಗಿತ್ತು.

ಅತ್ತಿಗೆ ಅಂಚೆ ಹಾಕಲಾಗದ ಒಂದು ಜಾಗವಿತ್ತು. ಅದು ಗುಂಡಿ. ಗಾಡಿಯನ್ನು ಮೇಲೆ ನಿಲ್ಲಿಸಿ, ಕೆಳಗಿಳಿದು ನಿಂತು ಕೆಲಸ ಮಾಡುವ, ಎದೆಯೆತ್ತರದ ಸಿಮೆಂಟಿನ ಗುಂಡಿ. ಅಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ. ಬಿಚ್ಚಿದವನು ಮುಚ್ಚಬಾರದು. ಹಳೆ ಆಯಿಲ್ ಇಳಿಸಿ ಹಳೆ ಫಿಲ್ಟರ್ ಬಿಚ್ಚುವವರು ಒಬ್ಬರು, ಹೊಸದು ಹಾಕುವವರು ಇನ್ನೊಬ್ಬರು. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು. ಆಯಿಲ್ ಫಿಲ್ಟರಿನ ಬಾಯಿಗೆ ಬಳೆಯಷ್ಟು ದಪ್ಪದ ಒಂದು ರಬ್ಬರ್ ರಿಂಗ್ ಇರುತ್ತದೆ. ಹಳೆ ಫಿಲ್ಟರ್ ತಿರುಗಿಸಿ ತೆಗೆದಾಗ ಸಾಮಾನ್ಯವಾಗಿ ಆ ರಿಂಗೂ ಜೊತೆಗೆ ಬರುತ್ತದೆ. ನೂರಕ್ಕೊಂದು ಸಲ ಶಾಖಕ್ಕೆ ಬೆಂದು ಎಂಜಿನ್ನಿಗೇ ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಅದನ್ನು ನೋಡದೆ ಹೊಸದನ್ನು ಹಾಕಿದರೆ ರಿಂಗಿನ ಮೇಲೆ ರಿಂಗ್ ಕೂರುತ್ತದೆ. ಇವತ್ತಲ್ಲ ನಾಳೆ ಜಾರುತ್ತದೆ, ಜಾರಿದರೆ ಐದೇ ನಿಮಿಷದಲ್ಲಿ ಎಂಜಿನ್ನಿನ ಆಯಿಲೆಲ್ಲ ರಸ್ತೆಪಾಲು. ಹಾಗಾಗಿ ಬಿಚ್ಚಿದವರು ಫಿಲ್ಟರಿನ ಬಾಯಿ ತೋರಿಸಿ "ರಿಂಗ್ ಬಂತು" ಅನ್ನಬೇಕು, ಹಾಕುವವರು ನೋಡಿ "ನೋಡ್ದೆ" ಅನ್ನಬೇಕು. ಇಷ್ಟೇ. ಎರಡು ಮಾತು. ಮಾತು ಬಿಟ್ಟ ಮೇಲೆ ಆ ಎರಡೂ ಹೋದವು. ಅಣ್ಣ ಫಿಲ್ಟರನ್ನು ಟ್ರೇನಲ್ಲಿ ಬಾಯಿ ಮೇಲೆ ಮಾಡಿ ಇಟ್ಟು ಆ ಕಡೆಯ ಮೆಟ್ಟಿಲು ಹತ್ತುತ್ತಿದ್ದ, ತಂಗಿ ಈ ಕಡೆಯಿಂದ ಇಳಿದು ಒಂದು ಕಣ್ಣು ಹಾಯಿಸಿ ಕೆಲಸ ಮುಗಿಸುತ್ತಿದ್ದಳು. ಎಂಟು ದಿನ ಹಾಗೇ ನಡೆಯಿತು.

ಒಂಬತ್ತನೇ ದಿನ ಬಂದದ್ದು ಹಾರ್ನ್ ಮಾಮನ ಟ್ಯಾಕ್ಸಿ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿಯೂ ಹಾರ್ನ್ ಒತ್ತದ ಮನುಷ್ಯ ಅವರು, ಆ ಹೆಸರಿಟ್ಟವರ ಕುಚೋದ್ಯ ಅಷ್ಟಿತ್ತು. ಅಪ್ಪನ ಕಾಲದ ಗಿರಾಕಿ. ವಾರಕ್ಕೆ ಮೂರು ದಿನ ಒಬ್ಬ ನಿವೃತ್ತ ಟೀಚರಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ವಾಪಸ್ ಬಿಡುವುದು ಅವರ ಕಾಯಂ ಬಾಡಿಗೆ. ಗಾಡಿ ಹೊಸ ಮಾದರಿಯದು. ಅತ್ತಿಗೆ ಯಾವ ಆಯಿಲ್ ಹಾಕಿಸ್ತೀರಿ ಎಂದು ಕೇಳಿದ್ದಕ್ಕೆ ಅವರು ಗುಂಡಿಯ ಹತ್ತಿರ ನಿಂತಿದ್ದ ತಂಗಿಯತ್ತ ಕೈ ತೋರಿಸಿ, ಅವಳು ಯಾವುದು ಅಂತಾಳೋ ಅದು ಅಂದರು. ತಂಗಿಗೆ ಎರಡಾಳು ಬಲ ಬಂತು. ಅಣ್ಣನಿಗೆ ಕೇಳಿಸಿದೆ ಎಂಬುದು ಅದಕ್ಕಿಂತ ಹೆಚ್ಚು ಖುಷಿ ಕೊಟ್ಟಿತು. ಆ ಗ್ಯಾರೇಜಿನಲ್ಲಿ ಜೀರೋ ಟ್ವೆಂಟಿ ಕುಡಿಯುವ ಮೊದಲ ಗಾಡಿ ಅದೇ ಆಗಲಿತ್ತು. ಫಿಲ್ಟರ್ ಕೂಡ ಅವಳು ಹೋದ ವಾರ ಕೊಯ್ದು ನೋಡಿ ಮೆಚ್ಚಿ ತರಿಸಿದ ಹೊಸ ಕಂಪನಿಯದು.

ಅಣ್ಣ ಇಳಿದು ಆಯಿಲ್ ಇಳಿಸಿದ, ಫಿಲ್ಟರ್ ಬಿಚ್ಚಿದ, ಮೇಲೆ ಬಂದ. ತಂಗಿ ಇಳಿದು ನೋಡಿದರೆ ಹಳೆ ಫಿಲ್ಟರ್ ಟ್ರೇನಲ್ಲಿ ಬೋರಲು ಬಿದ್ದಿತ್ತು. ಎಂಟು ದಿನ ಬಾಯಿ ಮೇಲೆ ಮಾಡಿ ಇಟ್ಟವನು ಇವತ್ತು ಬೋರಲು ಹಾಕಿದ್ದಾನೆ. ಕೈ ಚಾಚಿ ತಿರುಗಿಸಿ ನೋಡಿದರೆ ಮುಗಿಯಿತು. ಅವಳು ತಲೆಯೆತ್ತಿದಳು. ಯಾವತ್ತೂ ಬೇರೆ ಗಾಡಿಯತ್ತ ಹೊರಟುಹೋಗುವ ಅಣ್ಣ ಇವತ್ತು ಗುಂಡಿಯ ಅಂಚಿನಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ. ಕೆಳಗಿನಿಂದ ಅವನ ಬೂಟು ಮಾತ್ರ ಕಾಣುತ್ತಿತ್ತು. ನಾನು ಬಗ್ಗಿ ತಿರುಗಿಸಿ ನೋಡಲಿ ಎಂದು ಕಾಯುತ್ತಿದ್ದಾನೆ, ತಿರುಗಿಸಿದರೆ ಸೋತೆ ಎಂದು ಅವಳಿಗೆ ಅನಿಸಿತು. ಅನಿಸಿದ್ದೇ ತಡ, ಟ್ರೇ ಮುಟ್ಟಲಿಲ್ಲ. ಫಿಲ್ಟರ್ ಕೂರುವ ಜಾಗ ಒಂದು ಕಬ್ಬಿಣದ ಪಟ್ಟಿಯ ಹಿಂದೆ ಮರೆಯಾಗಿರುವುದು, ಕಣ್ಣಿಗೆ ಕಾಣದು, ಬೆರಳಿಗೇ ಸಿಗಬೇಕು. ಬಟ್ಟೆಯಿಂದ ಅದನ್ನು ಜೋರಾಗಿ ಎರಡು ಸಲ ಒರೆಸಿದಳು, ಸಿಟ್ಟಿನಲ್ಲಿ ಒರೆಸುವ ಹಾಗೆ. ಹೊಸ ಫಿಲ್ಟರಿನ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ ತಿರುಗಿಸತೊಡಗಿದಳು.

ಈ ಜಾತಿಯ ಫಿಲ್ಟರ್ ಐದೂವರೆ ಸುತ್ತಿಗೆ ಕೂರುತ್ತದೆ. ಅವಳು ಎಣಿಸುವವಳಲ್ಲ, ಅವಳ ಕೈ ಎಣಿಸುತ್ತದೆ. ಇವತ್ತು ಮೂರೂವರೆಗೇ ಕೂತುಬಿಟ್ಟಿತು. ಎರಡು ಸುತ್ತು ಮೊದಲೇ. ಕೈ ಒಂದು ಗಳಿಗೆ ನಿಂತಿತು. ರಿಂಗ್ ಬಂದಿತ್ತಾ ಎಂದು ಕೇಳಬೇಕು. ಕೇಳಬೇಕಾದವನು ಅಲ್ಲೇ ಮೇಲೆ ನಿಂತಿದ್ದಾನೆ, ಅವನ ಬೂಟು ಇನ್ನೂ ಅಲುಗಿಲ್ಲ. ಹೊಸ ಕಂಪನಿಯದಲ್ಲವಾ, ತಿರುಪಿನ ಥ್ರೆಡ್ ಹೀಗೇ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವಾಗಲೇ ಅದು ಸುಳ್ಳಿನ ಹಾಗೆ ಕೇಳಿಸಿತು. ಬಿಗಿ ಮಾಡಿ ಮೇಲೆ ಬಂದಳು. ಆಯಿಲ್ ಹಾಕಿ ಐದು ನಿಮಿಷ ಎಂಜಿನ್ ಓಡಿಸಿದರು. ಒಂದು ಹನಿಯೂ ಇಳಿಯಲಿಲ್ಲ. ಹಾರ್ನ್ ಮಾಮ ಎಂಜಿನ್ ಸದ್ದು ಹಗುರಾಗಿದೆ ಎಂದು ಹೊಗಳಿ ಹೊರಟರು.

ಮರುದಿನ ಬೆಳಗ್ಗೆ ತಂಗಿ ಏರ್ ಫಿಲ್ಟರ್ ತರಲು ಅಂಗಡಿಗೆ ಹೋಗಿದ್ದಳು. ಹನ್ನೆರಡರ ಹೊತ್ತಿಗೆ ವಾಪಸ್ ಬಂದರೆ ಗ್ಯಾರೇಜಿನ ಮುಂದೆ ಗಾಡಿ ಎಳೆಯುವ ಲಾರಿ ನಿಂತಿತ್ತು. ಟ್ಯಾಕ್ಸಿಯನ್ನು ಆಗಲೇ ಇಳಿಸಿ ಗುಂಡಿಯ ಮೇಲೆ ತಳ್ಳಿದ್ದರು. ಅದರ ಹೊಟ್ಟೆಯಿಂದ ಹಿಂದಿನ ಬಂಪರಿನವರೆಗೆ ಆಯಿಲ್ ಚೆಲ್ಲಿ, ಅದಕ್ಕೆ ರಸ್ತೆಯ ಧೂಳು ಮೆತ್ತಿಕೊಂಡಿತ್ತು. ಹಾರ್ನ್ ಮಾಮ ಬೆಂಚಿನ ಮೇಲೆ ಕೂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಅವರು ಅವಳನ್ನು ನೋಡಿ ಮುಖ ತಿರುಗಿಸಿದರು.

ನಡೆದದ್ದನ್ನು ಅತ್ತಿಗೆ ಹೇಳಿದರು. ದೊಡ್ಡ ಸೇತುವೆಯ ನಡುವೆ ಮೀಟರಿನಲ್ಲಿ ಆಯಿಲಿನ ಕೆಂಪು ದೀಪ ಹತ್ತಿದೆ. ಪಕ್ಕಕ್ಕೆ ನಿಲ್ಲಿಸಲು ಅಲ್ಲಿ ಗೇಣು ಜಾಗವಿಲ್ಲ, ಹಿಂದೆ ಲಾರಿ ಸಾಲು. ಸೇತುವೆಯ ಕೊನೆ ಮುಟ್ಟಿಬಿಡೋಣ ಎನ್ನುವಷ್ಟರಲ್ಲಿ ಎಂಜಿನ್ ತಗಡಿನ ಡಬ್ಬದಲ್ಲಿ ಕಲ್ಲು ಕುಲುಕಿದ ಹಾಗೆ ಸದ್ದು ಮಾಡಿ ಕಚ್ಚಿಕೊಂಡು ನಿಂತಿದೆ. ಹಿಂದೆ ಟೀಚರಮ್ಮ. ಒಂದು ಗಂಟೆಗೂ ಹೆಚ್ಚು ಆ ಬಿಸಿಲಲ್ಲಿ, ಹೊಗೆಯಲ್ಲಿ ಕೂತಿದ್ದಾರೆ. ಕೊನೆಗೆ ಯಾವುದೋ ಹಾಲಿನ ವ್ಯಾನಿನವರು ಹತ್ತಿಸಿಕೊಂಡು ಹೋಗಿದ್ದಾರೆ. ಆಸ್ಪತ್ರೆಯಲ್ಲಿ ಅವರ ಹೊತ್ತು ಮೀರಿ ಮೆಷಿನ್ ಇನ್ನೊಬ್ಬರಿಗೆ ಹೋಗಿದೆ. ಸುಸ್ತಾಗಿ ಬೆಂಚಿನ ಮೇಲೆ ಮಲಗಿದ್ದಾರಂತೆ, ಮೂರು ಗಂಟೆಗೆ ನೋಡೋಣ ಅಂದಿದ್ದಾರಂತೆ.

"ನಿಮ್ಮಣ್ಣ ನೋಡಿ ಹೇಳಿದ್ರು," ಎಂದು ಅತ್ತಿಗೆ ತಗ್ಗಿದ ದನಿಯಲ್ಲಿ ಮುಗಿಸಿದರು. "ಆಯಿಲ್ ತೆಳ್ಳಗಾಯ್ತು, ಅದಕ್ಕೇ ಸೀಲಲ್ಲಿ ನಿಲ್ಲದೆ ಹರಿದು ಹೋಯ್ತು ಅಂತ."

ತಂಗಿಯ ಕಣ್ಣು ಕತ್ತಲಿಟ್ಟಿತು. ಅವಳ ಬಲಗೈಗೆ ಎಲ್ಲ ಗೊತ್ತಿತ್ತು, ನಿಜ. ಆದರೆ ಸಿಟ್ಟು ಗೊತ್ತಿರುವುದನ್ನೆಲ್ಲ ಹಿಂದಕ್ಕೆ ತಳ್ಳಿ ತಾನು ಮುಂದೆ ಬಂದು ನಿಲ್ಲುತ್ತದೆ. ಅವಳು ಕೈಚೀಲವನ್ನು ನೆಲಕ್ಕೆ ಹಾಕಿ ಗುಂಡಿಗೆ ಇಳಿದಳು. ಫಿಲ್ಟರನ್ನು ಆಗಲೇ ಬಿಚ್ಚಿದ್ದರು. ಟ್ರೇನಲ್ಲಿತ್ತು, ಬಾಯಿಗೆ ಒಂದೇ ರಿಂಗ್, ಹೊಸದು. ಎಂಜಿನ್ನಿನ ಕಡೆ ಬೆರಳಿಟ್ಟು ನೋಡಿದಳು, ಅಲ್ಲಿ ಏನೂ ಇರಲಿಲ್ಲ. ಬೆರಳು ಹೊರಗೆ ತೆಗೆದು ದಿಟ್ಟಿಸಿದಳು. ಸುತ್ತಮುತ್ತ ಒಂದು ಬೊಟ್ಟು ಇಡಲು ಜಾಗವಿಲ್ಲದಷ್ಟು ಕೊಳೆ, ಆ ಒಂದು ದುಂಡು ಜಾಗ ಮುಟ್ಟಿದ ಬೆರಳು ಮಾತ್ರ ಊಟಕ್ಕೆ ಕೂರುವವರ ಕೈಯ ಹಾಗೆ ಚೊಕ್ಕಟ. ಯಾರೋ ಈಗ ತಾನೇ ಒರೆಸಿದ್ದಾರೆ. ಯಾರೋ ಏನು, ಇಲ್ಲಿ ಒರೆಸುವವನು ಇನ್ಯಾರಿದ್ದಾನೆ.

ಅಣ್ಣ ಸಾಮಾನಿನ ಕೋಣೆಯಲ್ಲಿದ್ದ. ಅವಳು ಹೋಗಿ ಬಾಗಿಲು ಹಾಕಿದಳು. ಹತ್ತು ದಿನದ ಮೇಲೆ ಮೊದಲ ಮಾತು ಅವಳದೇ ಆಯಿತು, ಆದರೆ ಈಗ ಅದನ್ನು ಲೆಕ್ಕ ಇಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ಹಳೇ ರಿಂಗ್ ಎಲ್ಲಿ?"

ಅಣ್ಣ ಮೊದಲು ಯಾವ ರಿಂಗ್ ಅಂದ. ಅವಳು ಕೈ ಚಾಚಿ ನಿಂತಳು. ಅವನ ಕೈ ತಾನಾಗಿ ಪ್ಯಾಂಟಿನ ಜೇಬಿನ ಮೇಲೆ ಹೋಯಿತು.

"ಮೆತ್ತಗೆ ಮಾತಾಡು," ಅಂದ. "ಹಾಕಿದ್ದು ಯಾರ ಕೈ? ರಿಂಗ್ ಅಂದ್ರೆ ನಿನ್ನ ತಪ್ಪು, ಊರೆಲ್ಲ ನಿನ್ನ ಹೆಸರು ಹೇಳತ್ತೆ. ಆಯಿಲ್ ಅಂದ್ರೆ ಆ ಪುಸ್ತಕದ ತಪ್ಪು. ನಿನ್ನ ಉಳಿಸೋಕೇ ಹೇಳಿದ್ದು."

ಅವನು ಅದನ್ನು ಮನಸಾರೆ ಹೇಳಿದ. ಅದೇ ತಂಗಿಗೆ ಬೆಂಕಿ ಹತ್ತಿಸಿದ್ದು. ಅವನು ಕಳ್ಳನ ಹಾಗೆ ಹೇಳಿದ್ದರೆ ಕೆನ್ನೆಗೆ ಹೊಡೆದು ಮುಗಿಸಬಹುದಿತ್ತು. ಅಣ್ಣನ ಹಾಗೆ ಹೇಳಿದ್ದ. ಅವಳ ಒಂದು ತಪ್ಪನ್ನು ಮುಚ್ಚಲು ಅವಳು ಓದಿದ್ದು, ಕೊಯ್ದು ನೋಡಿದ್ದು, ಅಂಗಡಿ ಅಂಗಡಿ ಅಲೆದು ಜಗಳವಾಡಿ ಆರಿಸಿದ್ದು, ಎಲ್ಲವನ್ನೂ ಒಂದೇ ಮಾತಿನಲ್ಲಿ ಚರಂಡಿಗೆ ಸುರಿದಿದ್ದ. ಜೊತೆಗೆ ತಾನು ಗೆದ್ದಿದ್ದ. ಆ ಗೆಲುವು ಅವನ ಕಣ್ಣಿನ ಮೂಲೆಯಲ್ಲಿ ಇತ್ತೋ ಇಲ್ಲವೋ, ಅವಳಿಗಂತೂ ಕಂಡಿತು.

"ನನ್ನ ಕೈ ಉಳಿಸೋಕೆ ನನ್ನ ತಲೆ ತೆಗೆದ್ಯಾ?" ಅಂದಳು. "ಕೈ ತಪ್ಪು ಮಾಡಿದ್ರೆ ಮಾಡ್ತು ಅಂತ ಹೇಳು, ಒಪ್ಕೋತೀನಿ. ನನಗೆ ಕೆಲಸ ಗೊತ್ತಿಲ್ಲ ಅಂತ ಹೇಳಿದ್ರೆ ನಾಳೆಯಿಂದ ಈ ಬಾಗಿಲಲ್ಲಿ ನಾನು ಯಾಕೆ ನಿಲ್ಲಬೇಕು? ಕೊಡು ಅದನ್ನ."

ಅಣ್ಣ ಬಾಗಿಲ ಕಡೆ ನೋಡಿದ. ಹೊರಗೆ ಹೇಳಿದರೆ ಒಬ್ಬ ಗಿರಾಕಿಯೂ ಉಳಿಯಲ್ಲ, ಅಪ್ಪನ ಹೆಸರು ಮಣ್ಣುಪಾಲಾಗತ್ತೆ ಎಂದು ಗೊಣಗಿದ. ಅವಳು ಚಾಚಿದ ಕೈ ಹಿಂತೆಗೆಯಲಿಲ್ಲ. ಕೊನೆಗೆ ಜೇಬಿನಿಂದ ತೆಗೆದು ಕೊಟ್ಟ. ಕರಿ ರಬ್ಬರ್ ರಿಂಗ್, ಬೆಂದು ಚಪ್ಪಟೆಯಾಗಿ, ಒಂದು ಕಡೆ ಹರಿದಿತ್ತು.

ಅವಳು ಅದನ್ನೂ ಹೊಸ ಫಿಲ್ಟರನ್ನೂ ಹಿಡಿದುಕೊಂಡು ಹೋಗಿ ಹಾರ್ನ್ ಮಾಮನ ಮುಂದೆ ನಿಂತಳು. ಅಣ್ಣ ಹಿಂದೆಯೇ ಬಂದ. ಲಾರಿಯವನು ಹಣೆ ಒರೆಸಿಕೊಳ್ಳುತ್ತಾ ಹತ್ತಿರ ಬಂದ. ಅತ್ತಿಗೆ ಪೆನ್ನು ಕೆಳಗಿಟ್ಟರು.

"ಆಯಿಲ್ ತಪ್ಪಲ್ಲ ಮಾಮ," ಎಂದು ಶುರು ಮಾಡಿದಳು. ಕ್ಷಮೆ ಕೇಳುವ ಮೊದಲು ಆಯಿಲಿನ ಮಾನ ಕಾಪಾಡಿದಳು, ಅವಳ ಸ್ವಭಾವವೇ ಹಾಗೆ. ಆಮೇಲೆ ಹಳೇ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು, ಅದರ ಮೇಲೆಯೇ ಹೊಸದು ಕೂತಿತು, ಹೆದ್ದಾರಿಯ ಓಟಕ್ಕೆ ಎರಡೂ ಜಾರಿದವು ಎಂದು ಬಿಡಿಸಿ ಹೇಳಿದಳು. ಬಿಚ್ಚಿದ್ದು ಯಾರು ಎಂದು ಹೇಳಲಿಲ್ಲ. "ಹಾಕಿದ್ದು ನಾನು. ತಪ್ಪು ನಂದು," ಅಂದಳು.

ಹಾರ್ನ್ ಮಾಮ ರಿಂಗನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ಗಾಡಿಯ ಜೊತೆ ಬಾಳಿದವರು, ಆ ಗುಂಡಿಯ ಕಟ್ಟಳೆಯನ್ನು ಅಪ್ಪನ ಬಾಯಿಂದಲೇ ಕೇಳಿದವರು. ತಲೆಯೆತ್ತಿ ಅಣ್ಣನನ್ನು ನೋಡಿದರು.

"ಬಿಚ್ಚಿದ್ದು ನೀನಲ್ವಾ? ರಿಂಗ್ ಬಂದಿಲ್ಲ ಅಂತ ಕಾಣ್ಲಿಲ್ವಾ ನಿನಗೆ?"

ಇಲ್ಲ ಅಂದಿದ್ದರೆ ಯಾರೂ ಕೆದಕುತ್ತಿರಲಿಲ್ಲ. ತಂಗಿಯೂ ನಂಬುತ್ತಿದ್ದಳು. ಅವನಿಗೂ ಕಾಣದೆ ಹೋಯಿತು ಎಂದೇ ಅವಳು ಅಂದುಕೊಂಡಿದ್ದಳು. ಅಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ, ಅದರಲ್ಲಿ ಹಿಂಡಲು ಏನೂ ಇರಲಿಲ್ಲ.

"ಕಂಡಿತ್ತು," ಅಂದ.

ಅವನೇ ಮುಂದುವರಿಸಿದ. ಬೋರಲು ಹಾಕಿದ್ದು ಬೇಕೆಂದೇ. ಇವಳು ಇಳಿದವಳು ಕೇಳಲಿ ಎಂದು ಮೇಲೆ ನಿಂತಿದ್ದ. ಕೇಳಿದರೆ ಅಂಟಿಕೊಂಡಿದೆ ತೆಗಿ ಎಂದು ಹೇಳುವವನಿದ್ದ. ಕೇಳಲಿಲ್ಲ. ಒರೆಸುವಾಗ ಬೆರಳಿಗೆ ಸಿಕ್ಕಿ ತೆಗೆದಿರುತ್ತಾಳೆ ಅಂದುಕೊಂಡ. ಐದು ನಿಮಿಷ ಓಡಿಸಿದರೂ ಸೋರಲಿಲ್ಲವಲ್ಲ, ತೆಗೆದಿದ್ದಾಳೆ ಎಂದು ಗಟ್ಟಿಯಾಗಿ ನಂಬಿಬಿಟ್ಟ.

ತಂಗಿ ಉರಿದುಬಿದ್ದಳು. ಹತ್ತು ದಿನ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು. ನೀನು ಮನುಷ್ಯನಾ ಅಂದಳು. ಕಣ್ಣಾರೆ ಕಂಡು, ತಲೆ ಮೇಲೆ ನಿಂತು, ನಾನು ಗುಂಡಿಗೆ ಬೀಳೋದನ್ನ ತಮಾಷೆ ನೋಡ್ತಾ ಇದ್ಯಾ ಅಂದಳು. ನನ್ನ ಉಳಿಸೋಕೆ ಸುಳ್ಳು ಹೇಳಿದೆ ಅಂದ್ಯಲ್ಲ, ನಿನ್ನೆ ಒಂದು ಮಾತು ನಿಜ ಹೇಳಿದ್ದರೆ ಸುಳ್ಳೇ ಬೇಕಿರಲಿಲ್ಲವಲ್ಲ ಅಂದಳು. ಅಪ್ಪನನ್ನೂ ಎಳೆದಳು, ಟ್ವೆಂಟಿ ಫಿಫ್ಟಿಯನ್ನೂ ಎಳೆದಳು, ಅಡುಗೆಮನೆಯ ಮಾತನ್ನೂ ಬಿಡಲಿಲ್ಲ. ದನಿ ಒಡೆಯಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅಣ್ಣ ಒಂದಕ್ಕೂ ಎದುರಾಡಲಿಲ್ಲ, ಕಿವಿ ಕೆಂಪಾಗಿ ನಿಂತಿದ್ದ. ಅವನು ಎದುರಾಡದೇ ಇದ್ದದ್ದು ಅವಳ ಸಿಟ್ಟಿಗೆ ಇನ್ನಷ್ಟು ಗಾಳಿ ಹಾಕಿತು.

ಹಾರ್ನ್ ಮಾಮ ಕೈ ಎತ್ತಿದರು. ಅವಳು ನಿಲ್ಲಿಸಿದಳು.

"ನೀನು ಹೇಳಮ್ಮ. ಹಾಕೋವಾಗ ನಿನ್ನ ಕೈಗೆ ಗೊತ್ತಾಗ್ಲಿಲ್ವಾ?"

ಅವರು ಮೆಲ್ಲಗೆ ಕೇಳಿದರು. ಅಪ್ಪ ಅವಳ ಕೈಯನ್ನು ಹೊಗಳುತ್ತಿದ್ದದ್ದನ್ನು ಕೇಳಿದವರು ಅವರು. ತಂಗಿ ಬಾಯಿ ತೆರೆದಳು. ಹೊಸ ಕಂಪನಿ, ಥ್ರೆಡ್, ಪಟ್ಟಿಯ ಮರೆ, ಹೇಳಲು ಮೂರು ನೆಪ ನಾಲಿಗೆಯ ತುದಿಯಲ್ಲಿದ್ದವು. ಒಂದೊಂದೂ ನಂಬುವಂಥದ್ದೇ. ಅಣ್ಣ ಈಗ ಅವಳನ್ನೇ ನೋಡುತ್ತಿದ್ದ. ಅವನು ಒಂದು ಸುಳ್ಳು ಹೇಳಿದ್ದಕ್ಕೆ ಈಗ ತಾನೇ ಬೀದಿ ಸೇರಿಸಿ ಬೈದಿದ್ದಳು.

"ಗೊತ್ತಾಯ್ತು," ಅಂದಳು. "ಎರಡು ಸುತ್ತು ಮೊದಲೇ ಕೂತ್ಕೊಳ್ತು. ಇವನನ್ನ ಕೇಳೋಕೆ ಮನಸ್ಸು ಬರ್ಲಿಲ್ಲ."

ಹಾರ್ನ್ ಮಾಮ ಎದ್ದರು. ಈಗಾದರೂ ಅವರು ಕೂಗಾಡಲಿ, ಕಪಾಳಕ್ಕೆ ಹೊಡೆಯಲಿ ಎಂದು ತಂಗಿಗೆ ಅನಿಸಿತು. ಅವರು ದನಿ ಏರಿಸಲಿಲ್ಲ.

"ಗೊತ್ತಿಲ್ದೆ ಆಗಿದ್ರೆ ಹೋಗ್ಲಿ ಬಿಡು ಅಂತಿದ್ದೆ. ನಿಮ್ಮಪ್ಪನ ಕೈಯಲ್ಲೂ ತಪ್ಪಾಗಿದೆ, ನಾನು ಬಿಟ್ಟಿದ್ದೀನಿ. ನಿಮಗೆ ಇಬ್ರಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಟೀಚರಮ್ಮನ್ನ ಈ ಗಾಡಿಲಿ ಕೂರಿಸಿ ಕಳಿಸಿದ್ರಿ."

ಲಾರಿಯವನಿಗೆ ಗಾಡಿ ಮತ್ತೆ ಕಟ್ಟು ಅಂದರು. ಅಣ್ಣನ ಬಾಯಿ ಆಗ ಬಿಟ್ಟಿತು. ಎಂಜಿನ್ ಪೂರ್ತಿ ಬಿಚ್ಚಿ ತಾನೇ ಕಟ್ಟಿಕೊಡುತ್ತೇನೆ, ಬೇರೆ ಒಂದು ಗಾಡಿ ಮುಟ್ಟುವುದಿಲ್ಲ, ಅಲ್ಲಿಯವರೆಗೆ ತನ್ನ ಕಾರನ್ನೇ ಇಟ್ಟುಕೊಳ್ಳಿ ಎಂದು ಬಡಬಡಿಸಿದ. ತಂಗಿಯೂ ಹೌದು ಮಾಮ, ಇಬ್ಬರೂ ಕೂತು ಮಾಡ್ತೀವಿ ಅಂದಳು. ಹಾರ್ನ್ ಮಾಮ ಅವಳ ಕೈಗೆ ಆ ಹರಿದ ರಿಂಗನ್ನು ವಾಪಸ್ ಕೊಟ್ಟರು.

"ನಿಮ್ಮಿಬ್ರ ಕೈಯೂ ಚೆನ್ನಾಗಿದೆ," ಅಂದರು. "ಬೇಡ."

ಲಾರಿಯವನು ಕೊಂಡಿ ಹಾಕಿ, ಟ್ಯಾಕ್ಸಿಯನ್ನು ಹಿಂದಕ್ಕೆ ಎಳೆದು ಮೇಲಕ್ಕೆ ಹತ್ತಿಸಿದ. ಹಾರ್ನ್ ಮಾಮ ಮುಂದೆ ಕೂತು ಬಾಗಿಲು ಹಾಕಿಕೊಂಡರು. ಅತ್ತಿಗೆ ಅವರ ಹೆಸರಿನ ಜಾಬ್ ಕಾರ್ಡನ್ನು ಏನು ಮಾಡಬೇಕೋ ತೋಚದೆ ಹಿಡಿದುಕೊಂಡು ನಿಂತಿದ್ದವರು, ಫೋನ್ ತೆಗೆದುಕೊಂಡು ಆಸ್ಪತ್ರೆಗೆ ಕೇಳಿ ನೋಡ್ತೀನಿ ಎಂದು ಒಳಗೆ ಹೋದರು. ಬೆಳಗ್ಗೆ ಗಾಡಿ ಬಿಟ್ಟಿದ್ದ ಇನ್ನೊಬ್ಬರು ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರು ಬಂದು ತಮ್ಮ ಕೀಲಿ ಕೇಳಿದರು. ಅಣ್ಣ ತೆಗೆದು ಕೊಟ್ಟ.

ಆಮೇಲೆ ಇಬ್ಬರೇ ಉಳಿದರು. ತಂಗಿಯ ಸಿಟ್ಟು ಒಂದು ಹನಿಯೂ ಇಳಿದಿರಲಿಲ್ಲ. ಅವಳು ಅಣ್ಣನ ಕಡೆ ತಿರುಗಿದಳು.

"ಯಾಕೆ ಹೇಳ್ಲಿಲ್ಲ ನೀನು?"

"ನೀನ್ಯಾಕೆ ಕೇಳ್ಲಿಲ್ಲ?" ಅಂದ ಅಣ್ಣ. ಅವನು ಜಗಳಕ್ಕೆ ಕೇಳಿರಲಿಲ್ಲ. ನಿಜವಾಗಿ ಕೇಳಿದ್ದ.

ಅವಳು ಉತ್ತರಕ್ಕೆ ತಡಕಾಡಿದಳು. ಇರಲಿಲ್ಲ. ಅವನನ್ನು ತಡೆದದ್ದು ಯಾವುದೋ ಅವಳನ್ನು ತಡೆದದ್ದೂ ಅದೇ. ಈ ಹತ್ತು ದಿನದಲ್ಲಿ ಬಂದ ಸಿಟ್ಟುಗಳಲ್ಲೆಲ್ಲ ದೊಡ್ಡದು ಅವಳಿಗೆ ಬಂದದ್ದು ಆಗ, ತನ್ನ ಮೇಲೇ.